ನಾನು ಸಮಾರ್ಯದ ಹೆಂಗಸಾದ ಬೇಸಿಗೆ

ನಮ್ಮ ಚರ್ಚಿಗೆ ಇನ್ನೂ ಫ್ಯಾನು ಬಂದಿರದ ಕಾಲ ಅದು. ತೆಲುಗು ನಾಡಿನ ಗಡಿಯ ಮಕ್ತಲ್‌ನಿಂದ ಕೃಷ್ಣಾ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಬಂದವೆಂದರೆ ಅಂಗಳದ ಬೇವು ಹೂಬಿಟ್ಟು, ಪ್ರಾರ್ಥನೆಗೆ ಕೂತವರ ತಲೆಯ ಮೇಲೆ, ಚಾಪೆಯ ಮೇಲೆ ಉದುರುತ್ತಿತ್ತು. ಬೈಬಲಿನ ವಾಕ್ಯ ಓದುವುದು ತೆಲುಗಿನಲ್ಲಿ, ಹಾಡುವುದು ತೆಲುಗಿನಲ್ಲಿ, ಮನೆಗೆ ಹೋಗಿ ಜಗಳವಾಡುವುದು ಮಾತ್ರ ಕನ್ನಡದಲ್ಲಿ. ಸಂಜೆ ಉಪವಾಸ ಬಿಟ್ಟಾಗ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅದನ್ನು ನೆನೆದರೆ ಈಗಲೂ ಹಸಿವಾಗುತ್ತದೆ. ಆದರೆ ಆ ಒಂದು ಬೇಸಿಗೆಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಚರ್ಚಿಗೆ ಬರುತ್ತಿದ್ದವರು ಎರಡು ಓಣಿಯವರು, ಮ್ಯಾಗಿನ ಓಣಿ ಮತ್ತು ನಮ್ಮ ಕೆಳಗಿನ ಓಣಿ. ಊರು ಎರಡನ್ನೂ ಹೊರಗೇ ಇಟ್ಟಿತ್ತು. ಆದರೂ ಮ್ಯಾಗಿನ ಓಣಿಯವರು ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ ಅವರು ಮುಂದೆ, ನಾವು ಹಿಂದೆ. ಮಕ್ಕಳಿಗೆ ಈ ಲೆಕ್ಕ ಅಷ್ಟಿರಲಿಲ್ಲ. ಮ್ಯಾಗಿನ ಓಣಿಯ ಡೇವಿಡ್ ನನ್ನ ವಾರಿಗೆಯವನು, ಅಂಗಳದಲ್ಲಿ ನನ್ನ ಜೊತೆ ಕುಂಟೆಬಿಲ್ಲೆ ಆಡಿ, ಸೋತರೆ ಅಳುತ್ತಿದ್ದ. ಬಾಯಾರಿದರೆ ಮಾತ್ರ ಅಷ್ಟು ದೂರದ ತನ್ನ ಮನೆಗೇ ಓಡುತ್ತಿದ್ದ. ಯಾಕೆ ಅಂತ ನಾನು ಕೇಳಿರಲಿಲ್ಲ. ಗೊತ್ತಿತ್ತು.

ನಮ್ಮ ಪಾದ್ರಿಯನ್ನು ಎಲ್ಲರೂ ಅಯ್ಯಗಾರು ಅನ್ನುತ್ತಿದ್ದೆವು. ಆ ವರ್ಷ ಅವರು ಬಾವಿಯ ಹತ್ತಿರ ಯೇಸುವಿಗೆ ಸಿಕ್ಕ ಸಮಾರ್ಯದ ಹೆಂಗಸಿನ ಕಥೆಯನ್ನು ಮಕ್ಕಳ ಕೈಲಿ ಕನ್ನಡದಲ್ಲಿ ನಾಟಕ ಮಾಡಿಸಲು ಹೊರಟರು.

"ಓದಿದ್ದು ಈ ಕಿವ್ಯಾಗ ಬಂದು ಆ ಕಿವ್ಯಾಗ ಹೋಗತೈತಿ. ಕಣ್ಣಿಗೆ ಕಾಣಬೇಕು," ಅಂದರು. ಡೇವಿಡ್‌ಗೆ ಯೇಸುವಿನ ಪಾತ್ರ, ನನಗೆ ಆ ಹೆಂಗಸಿನದು. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟುತ್ತಿರಲಿಲ್ಲ, ಯೇಸು ಮಾತ್ರ ಆಕೆಯನ್ನು ನೀರು ಕೇಳಿದ ಎಂದು ಅಯ್ಯಗಾರು ಬಿಡಿಸಿ ಹೇಳಿದರು. ಇದು ನಮ್ಮ ಓಣಿಯದೇ ಕಥೆ ಅನ್ನಿಸಿತು. ಇಷ್ಟು ದಿನ ಇದು ಬೈಬಲಿನಲ್ಲಿ ಇತ್ತೇ ಎಂದು ಆಶ್ಚರ್ಯ.

ತಾಲೀಮಿನಲ್ಲಿ ಬರೀ ಲೋಟ. ನಾಟಕದ ದಿನ ನಿಜವಾದ ನೀರು ಬೇಕು, ನಿಮ್ಮ ಮನೆಯಿಂದಲೇ ತಗೊಂಡು ಬಾ ಎಂದರು ಅಯ್ಯಗಾರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಎಲ್ಲಾರ ಮುಂದ ಡೇವಿಡ್ ಕುಡಿತಾನೇನು?"

"ಕುಡಿಲೇಬೇಕವ್ವ. ಬೈಬಲಿನಾಗ ಐತಲ್ಲ."

ನಾಟಕದ ದಿನ ಬೆಳಿಗ್ಗೆ ಅವ್ವ ಕೂಲಿಗೆ ಹೋಗಲಿಲ್ಲ. ಹಿತ್ತಾಳೆಯ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ತೃಪ್ತಿಯಾಗದೆ ಬೂದಿ ಹಾಕಿ ಮತ್ತೆ ತಿಕ್ಕಿದಳು. ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದಳು. ತನ್ನ ಮದುವೆಯ ನಾರಾಯಣಪೇಟೆ ಸೀರೆಯನ್ನು ಮಡಿಚಿ ಮಡಿಚಿ ನನಗೆ ಉಡಿಸಿದಳು. ಅದಕ್ಕೆ ಪೆಟ್ಟಿಗೆಯ ಬೇವಿನೆಲೆಯ ವಾಸನೆ ಇತ್ತು.

ಸಂಜೆ ಚರ್ಚು ತುಂಬಿತ್ತು. ಇಟ್ಟಿಗೆ ಪೇರಿಸಿ ಬಾವಿಕಟ್ಟೆ ಮಾಡಿದ್ದೆವು. ಡೇವಿಡ್ ಅದರ ಮೇಲೆ ಕೂತು, ದಣಿದವನ ಹಾಗೆ ಹಣೆ ಒರೆಸಿಕೊಂಡು, "ಅಮ್ಮಾ, ಕುಡಿಯಾಕ ನೀರು ಕೊಡು," ಅಂದ. ಬಹಳ ಚೆನ್ನಾಗಿ ಹೇಳಿದ. ನಾನು ಲೋಟ ತುಂಬಿ ಕೊಟ್ಟೆ. ಮುಂದಿನ ಸಾಲಿನಲ್ಲಿ ಅವನ ಅಜ್ಜಿ ಕೂತಿದ್ದಳು. ಅವಳು ಒಂದು ಸಲ ಗಂಟಲು ಸರಿಮಾಡಿಕೊಂಡಳು ಅಷ್ಟೇ. ಡೇವಿಡ್ ಅವಳ ಕಡೆ ನೋಡಿದ. ಲೋಟವನ್ನು ತುಟಿಯ ಹತ್ತಿರ ತಂದ, ಕತ್ತು ಹಿಂದಕ್ಕೆ ಮಾಡಿದ, ಬಾಯಿ ಒರೆಸಿಕೊಂಡ, ಲೋಟ ವಾಪಸು ಕೊಟ್ಟ.

ಲೋಟ ತುಂಬಿದ ಹಾಗೇ ಇತ್ತು.

ಜನ ಚಪ್ಪಾಳೆ ತಟ್ಟಿದರು. ಮತ್ತೆಂದೂ ಬಾಯಾರದಂಥ ಜೀವಜಲ ಕೊಡುತ್ತೇನೆ ಎಂದು ಅವನು ಹೇಳಿದ ಮೇಲೆ ನನ್ನ ಮಾತು ಏನಿತ್ತು ಗೊತ್ತೇ? "ಆ ಜೀವಜಲ ನನಗೂ ಕೊಡ್ರಿ ಸ್ವಾಮಿ." ಅವನು ಕುಡಿಯದ ನೀರನ್ನು ಕೈಯಲ್ಲಿ ಹಿಡಿದು, ಅವನನ್ನೇ ನಾನು ನೀರು ಬೇಡಬೇಕಿತ್ತು. ಬೇಡಿದೆ. ಅಳುತ್ತಲೇ ಬೇಡಿದೆ. ಹುಡುಗಿ ಪಾತ್ರದಲ್ಲಿ ಮುಳುಗಿ ಅತ್ತಳು ಎಂದು ಆಮೇಲೆ ಎಲ್ಲರೂ ಹೊಗಳಿದರು. ಹಿಂದಿನ ಸಾಲಿನಲ್ಲಿ ಅವ್ವ ಮಾತ್ರ ಲೋಟವನ್ನೇ ನೋಡುತ್ತಿದ್ದಳು.

ಮುಂದಿನ ಭಾನುವಾರ ಮಕ್ಕಳ ತರಗತಿಯಲ್ಲಿ ನಾನು ಎದ್ದು ನಿಂತೆ.

"ಅಯ್ಯಗಾರು, ಡೇವಿಡ್ ನೀರು ಕುಡಿಲಿಲ್ರಿ."

ಡೇವಿಡ್ ತಲೆ ತಗ್ಗಿಸಿದ. ಅಯ್ಯಗಾರು ಬೈಬಲಿನ ಹಾಳೆ ತಿರುವಿದರು.

"ಯೇಸು ಕುಡಿದ ಅಂತ ಇದರಾಗೂ ಬರದಿಲ್ಲವ್ವ. ಕೂತ್ಕೋ," ಅಂದರು.

ಮನೆಗೆ ಬಂದು ಆ ಅಧ್ಯಾಯವನ್ನು ಬೆರಳಿಟ್ಟು ಓದಿದೆ. ನಿಜ, ಬರೆದಿಲ್ಲ. ಸಿಟ್ಟಿನಿಂದ ಪುಸ್ತಕ ಮುಚ್ಚಿದೆ. ಅವ್ವನ ಹತ್ತಿರ ಹೋಗಿ, "ಅಯ್ಯಗಾರು ಹಿಂಗಂದರು," ಎಂದೆ.

"ನಾಳೆ ಡೇವಿಡ್ ಮನಿಯವರ ಹೊಲದಾಗ ಮೆಣಸಿನಕಾಯಿ ಬಿಡಿಸಾಕ ಹೋಗಬೇಕು," ಅಂದಳು ಅವ್ವ. "ಇನ್ನ ಆ ಮಾತು ಬಿಡು."

ನಾನು ಬಿಡಲಿಲ್ಲ. ಈಗ ಗದ್ವಾಲ್‌ನಲ್ಲಿದ್ದೇನೆ, ಭಾನುವಾರ ಮಕ್ಕಳಿಗೆ ವಾಕ್ಯ ಕಲಿಸುತ್ತೇನೆ. ಆ ಅಧ್ಯಾಯ ಬಂದಾಗಲೆಲ್ಲ ಅಯ್ಯಗಾರಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತೇನೆ. ಕುಡಿದದ್ದು ಬರೆದಿಲ್ಲ, ಒಪ್ಪಿದೆ. ಕೇಳಿದ್ದು ಬರೆದಿದೆಯಲ್ಲ? ಕುಡಿಯುವ ಮನಸ್ಸಿಲ್ಲದವನು ಬಿಸಿಲಲ್ಲಿ ಕೂತು ಯಾಕೆ ಕೇಳುತ್ತಾನೆ? ನಮಗೆ ಜೀವಜಲ ಕೊಡಲು ಬಂದವರು ಬಹಳ ಮಂದಿ. ನನಗೆ ಬಾಯಾರಿದೆ, ನಿನ್ನ ಕೈಯಿಂದ ಕೊಡು ಎಂದವರನ್ನು ನಾನು ಕಾಣಲಿಲ್ಲ. ಆ ಭಾಗವನ್ನು ಬೋಧಿಸುವವರು ಈ ಮಾತನ್ನು ದಾಟಿಕೊಂಡೇ ಹೋಗುತ್ತಾರೆ.

ಹೋದ ವರ್ಷ ಮರಿಕಲ್‌ನಲ್ಲಿ ಒಂದು ಮದುವೆಗೆ ಹೋದಾಗ ಡೇವಿಡ್ ಸಿಕ್ಕ. ಈಗ ಸಭೆಯ ಹಿರಿಯ, ಒಳ್ಳೆಯ ಮನುಷ್ಯ. ನಮ್ಮೂರ ಚರ್ಚಿನಲ್ಲಿ ಈಗ ಫ್ಯಾನು, ಮೈಕು, ಫಿಲ್ಟರ್ ಪ್ಲಾಂಟಿನ ನೀರಿನ ಕ್ಯಾನು ಎಲ್ಲ ಇವೆಯಂತೆ.

"ಎಲ್ಲಾರೂ ಅದನ್ನ ಕುಡಿತಾರ ಅಕ್ಕ. ಯಾರಿಗೂ ತಕರಾರಿಲ್ಲ," ಅಂದ.

"ಆ ನಾಟಕ ಗ್ಯಾನ ಐತೇನು ನಿನಗ?"

"ಇಲ್ದ ಏನು? ಗಡ್ಡ ಅಂಟಿಸಿದ್ರಲ್ಲ, ಗದ್ದ ಎಲ್ಲಾ ಕೆರಕೊಂಡು ಸಾಯ್ತಿದ್ದೆ," ಎಂದು ನಕ್ಕ.

ಅವನಿಗೆ ನೆನಪಿದ್ದದ್ದು ಅಷ್ಟೇ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು, ಅವನು ಎದ್ದು ಹೋದ.

ನಾನು ಅವನಿಗೆ ಹೇಳಬೇಕೆಂದಿದ್ದು ಅವ್ವನ ವಿಷಯ. ಅವಳಿಗೆ ಓದು ಬರುತ್ತಿರಲಿಲ್ಲ, ಸೆರಗು ಹೊದ್ದು ಪ್ರತಿ ಸಂಜೆ ವಾಕ್ಯ ಕೇಳಲು ಹಿಂದಿನ ಸಾಲಿನಿಂದ ಮುಂದೆ ಮುಂದೆ ಜರುಗಿ ಕೂರುತ್ತಿದ್ದಳು. ಆ ನಾಟಕವಾದ ಮೇಲೆ, ಸಮಾರ್ಯದ ಹೆಂಗಸಿನ ಅಧ್ಯಾಯ ಶುರುವಾದರೆ ಸದ್ದಿಲ್ಲದೆ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಮನೆಗೆಲಸ ಇರಬೇಕು ಎಂದುಕೊಂಡರು ಜನ. ಸಾಯುವವರೆಗೂ ಹಾಗೇ ಮಾಡಿದಳು. ಇಡೀ ಸುವಾರ್ತೆಯಲ್ಲಿ ನಮ್ಮಂಥವಳೊಬ್ಬಳು ದೇವರ ಜೊತೆ ಕೂತು ಮಾತಾಡಿದ ಆ ಅಧ್ಯಾಯ ಅವ್ವನಿಗೆ ಅಲ್ಲಿಗೆ ಮುಗಿದುಹೋಯಿತು.