ಡ್ರೈವರಣ್ಣನ ಮಾತ್ರೆ

ಕುಳಿತಲ್ಲೂ ಡ್ರೈವರಣ್ಣನ ಎಡಗಾಲು ಸುಮ್ಮನಿರುತ್ತಿರಲಿಲ್ಲ. ಸಾಗರದ ಕ್ಲಿನಿಕ್ಕಿನ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಪಾದ ಮೆಲ್ಲಗೆ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಕ್ಲಚ್ಚಿನ ಅಭ್ಯಾಸ. ಸಾಗರ, ತೀರ್ಥಹಳ್ಳಿ ನಡುವೆ ವರ್ಷಗಟ್ಟಲೆ ಖಾಸಗಿ ಬಸ್ಸು ಓಡಿಸಿದವರು. ಒಂದು ದಿನ ಹೊಸನಗರದಲ್ಲಿ ಚಹಾಕ್ಕೆಂದು ಇಳಿದಾಗ ಹೋಟೆಲಿನ ಮುಂದೆಯೇ ಫಿಟ್ಸ್ ಬಂದು ಬಿದ್ದರು. ಎಚ್ಚರವಾದ ಮೇಲೆ ಬಸ್ಸಿನ ಕೀಲಿಯನ್ನು ತಾವಾಗಿಯೇ ಕಂಡಕ್ಟರ್ ಕೈಗಿಟ್ಟರಂತೆ. "ಹಿಂದೆ ಜನ ಕೂತಿರ್ತಾರೆ. ನನ್ನ ತಲೆ ನನ್ನ ಮಾತು ಕೇಳಲ್ಲ ಅಂದ್ಮೇಲೆ ಮುಗೀತು," ಎನ್ನುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಒಂದು ಸಂಶೋಧನೆಯ ಕೆಲಸದಲ್ಲಿ. ಆ ಕ್ಲಿನಿಕ್ಕಿನಲ್ಲಿ ಮೂರ್ಛೆರೋಗಕ್ಕೆ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದೆವು. ಹಳೆಯ ಮಾತ್ರೆಯನ್ನು ಎಲ್ಲರೂ ಮುಂದುವರಿಸಬೇಕು. ಜೊತೆಗೆ ಕೆಲವರಿಗೆ ಹೊಸ ಔಷಧಿ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು, ಮನೆಮನೆಗೆ ಹೋಗಿ ವಿಚಾರಿಸುವ ನನಗೂ ತಿಳಿಯದು. ಮೊದಲೇ ಎಲ್ಲವನ್ನೂ ವಿವರಿಸಿದ್ದೆವು. ಆದರೂ ಹೋದಾಗಲೆಲ್ಲ ಅಣ್ಣ ಕೇಳುತ್ತಿದ್ದರು:

"ನಿಜ ಹೇಳ್ ಮಾರಾಯ್ತಿ, ಇದು ಮಾತ್ರೆನಾ, ಸುಣ್ಣನಾ?"

"ನನಗೂ ಗೊತ್ತಿಲ್ಲ ಅಣ್ಣಾ."

"ಕೊಡೋರಿಗೂ ಗೊತ್ತಿಲ್ಲ, ತಿನ್ನೋನಿಗೂ ಗೊತ್ತಿಲ್ಲ. ಒಳ್ಳೆ ಕಥೆ!"

ಅರಳಸುರಳಿಯ ಒಬ್ಬ ರೋಗಿಯನ್ನು ನೋಡಿ ಹೊನ್ನೆಮರಡಿನ ಕಡೆಗೆ ಹೋಗಬೇಕೆಂದರೆ ನನ್ನ ದಿನವೆಲ್ಲ ಬಸ್ಸಿಗೆ ಕಾಯುವುದರಲ್ಲೇ ಕಳೆಯುತ್ತಿತ್ತು. ಅದನ್ನು ನೋಡಲಾರದೆ ಅಣ್ಣನೇ ಅಂಗಳದಲ್ಲಿ ನಿಂತೇ ಇದ್ದ ತಮ್ಮ ಜೀಪಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದರು. ಒಮ್ಮೆ ಏರಿನಲ್ಲಿ ಗಾಡಿ ಆಫ್ ಆಗಿ, ಹಿಂದಿನ ಲಾರಿಯವನು ಒಂದೇ ಸಮನೆ ಹಾರನ್ ಹೊಡೆಯತೊಡಗಿದ. ನಾನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. "ಹಾರನ್ ಅವನ್ದು, ಬ್ರೇಕ್ ನಿನ್ದು. ನಿನ್ದು ನೀನು ನೋಡ್ಕ," ಎಂದರು. ಗಾಡಿ ಮೇಲೆ ಹತ್ತಿತು.

ಅಷ್ಟರಲ್ಲಿ ಅವರಿಗೆ ಫಿಟ್ಸ್ ಬರುವುದೇ ನಿಂತಿತ್ತು. ಮುಖಕ್ಕೆ ಕಳೆ ಬಂದಿತ್ತು. ಒಂದು ದಿನ ಸ್ಟೀರಿಂಗ್ ಮುಂದೆ ಹೋಗಿ ಕುಳಿತು, "ಇನ್ನು ನಾನೇ ಓಡಿಸ್ಲಾ?" ಎಂದರು. ಡಾಕ್ಟರು ಬೇಡವೆಂದಿದ್ದಾರೆ ಎಂದೆ. ಅಣ್ಣ ಇಳಿದು ಪಕ್ಕದ ಸೀಟಿಗೆ ಬಂದರು.

ಸಂಶೋಧನೆ ಮುಗಿದ ಮೇಲೆ ಡಾಕ್ಟರು ಅವರನ್ನು ಕರೆದು ಹೇಳಿದರು: ಅವರ ಗುಳಿಗೆಯಲ್ಲಿ ಔಷಧಿ ಇರಲಿಲ್ಲ. ಫಿಟ್ಸ್ ನಿಂತದ್ದು ಹಳೆಯ ಮಾತ್ರೆಯನ್ನು ತಪ್ಪಿಸದೆ ತೆಗೆದುಕೊಂಡಿದ್ದರಿಂದ ಇರಬಹುದು, ನಿದ್ದೆ ಸರಿಹೋದದ್ದರಿಂದ ಇರಬಹುದು, ಇದೇ ಕಾರಣ ಎನ್ನಲಾಗದು ಎಂದರು. ಅಣ್ಣ ಜೋರಾಗಿ ನಕ್ಕರು. ಮನೆಗೆ ಮರಳುವಾಗ ಜೀಪಿನಲ್ಲಿ ಅವರ ಎಡಗಾಲು ಮತ್ತೆ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಆಮೇಲೆ ಕೇಳಿದರು, "ತಂಗೀ, ಸುಣ್ಣ ತಿಂದು ನಿಂತೋಯ್ತು ಅಂದ್ರೆ, ನನಗೆ ಬರ್ತಿದ್ದಿದ್ದು ಎಂಥದು? ಅದೂ ಸುಳ್ಳಾ? ಅದ್ಕೆ ನಾನು ಬಸ್ ಬಿಟ್ನಾ?"

ಸುಳ್ಳಲ್ಲ ಎಂದೆ.

ಕೆಲವು ತಿಂಗಳ ನಂತರ, ಮಧ್ಯಾಹ್ನ ಊಟ ಮಾಡಿ ಮಲಗಿದ ಅಣ್ಣ ಏಳಲಿಲ್ಲ. ಊರಿನ ಡಾಕ್ಟರು ಹೃದಯಾಘಾತ ಎಂದರು. ನಮ್ಮ ಡಾಕ್ಟರು, ನಿದ್ದೆಯಲ್ಲೇ ಫಿಟ್ಸ್ ಬಂದಿದ್ದರೂ ಬಂದಿರಬಹುದು ಎಂದರು. ನಾನು ಹೋದಾಗ ಅವರ ಹೆಂಡತಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು.

"ನೀವು ಆ ಹೊಸ ಮಾತ್ರೆ ನಿಲ್ಸಿದ್ದಕ್ಕೆ ಹಿಂಗಾಯ್ತಾ?"

ಅಣ್ಣ ಮನೆಯಲ್ಲಿ ಹೇಳಿಯೇ ಇರಲಿಲ್ಲ ಎಂದು ಆಗ ತಿಳಿಯಿತು.

"ಇಲ್ಲ ಅಕ್ಕಾ. ಅದರಲ್ಲಿ ಔಷಧಿಯೇ ಇರಲಿಲ್ಲ."

"ಹಂಗಾದ್ರೆ ಅಷ್ಟು ದಿನ ಚೆನ್ನಾಗಿದ್ರಲ್ಲ, ಅದು ಹೆಂಗೆ?"

ನಾನು ಜಗಲಿಯ ಅಂಚಿನಲ್ಲಿ ಕುಳಿತೆ.

"ಗೊತ್ತಿಲ್ಲ ಅಕ್ಕಾ. ಡಾಕ್ಟರಿಗೂ ಗೊತ್ತಿಲ್ಲ."

"ನಿಮಗೂ ಗೊತ್ತಿಲ್ವಾ," ಎಂದು ಮೆಲ್ಲಗೆ ಹೇಳಿ, ಬಂದು ನನ್ನ ಪಕ್ಕದಲ್ಲಿ ಕುಳಿತುಕೊಂಡರು.