ಕೊಳಕುಮಂಡಲದ ಬಾಲ

ಅಪ್ಪನಿಗೆ ಹಾವು ಕಚ್ಚಿದ ದಿನ ನಾನು ಆ ಹಾವಿನ ಬಾಲ ಕತ್ತರಿಸಿಟ್ಟುಕೊಂಡೆ. ಯಾಕೆ ಎಂದು ಕೇಳಿದರೆ ಈಗಲೂ ತಬ್ಬಿಬ್ಬಾಗುತ್ತೇನೆ.

ಅಪ್ಪ ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರ ನಡೆಸುತ್ತಾರೆ. ಅವತ್ತು ಬೆಳಿಗ್ಗೆ ಶೆಡ್ಡಿನ ಹಿಂದೆ ಪೇರಿಸಿಟ್ಟ ತಗಡು ಎತ್ತುವಾಗ ಕೊಳಕುಮಂಡಲ ಕಚ್ಚಿತು. ಜೊತೆಯವರು ಅದನ್ನು ಹೊಡೆದು ಸಿಮೆಂಟ್ ಚೀಲಕ್ಕೆ ತುಂಬಿ, ಅಪ್ಪನ ಜೊತೆಗೇ ಶಿವಮೊಗ್ಗದ ಆಸ್ಪತ್ರೆಗೆ ತಂದರು. ಡಾಕ್ಟರು ಅಪ್ಪನ ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಓರೆ ಮಾಡಿದರು. ಹೆಪ್ಪುಗಟ್ಟಿರಲಿಲ್ಲ, ನೀರಿನಂತೆ ಹರಿಯಿತು. ಎಂದರೆ ವಿಷ ಏರಿತ್ತು. ವಿಷಕ್ಕೆ ಮದ್ದು ಕೊಟ್ಟು, ಆರು ಗಂಟೆ ಬಿಟ್ಟು ಮತ್ತೆ ನೋಡೋಣ ಎಂದರು.

“ನೀನು ಇದನ್ನೇ ಓದ್ತಿರೋದಲ್ವೇನೇ? ಉಳೀತಾರಾ ಹೇಳು,” ಎಂದಳು ಅಮ್ಮ.

ಹೌದು, ಹಾವಿನ ವಿಷದ ಜೀನುಗಳೇ ನನ್ನ ಪಿಎಚ್‌ಡಿ ವಿಷಯ. ಅವೇನೂ ಮೊದಲಿನಿಂದ ವಿಷದವಲ್ಲ. ಹಾವಿನ ಮೈಯಲ್ಲಿ ಬೇರೇನೋ ಸಾಧಾರಣ ಕೆಲಸಕ್ಕಿದ್ದವು. ಯಾವುದೋ ಕಾಲದಲ್ಲಿ ನಕಲಾದವು. ಒಂದು ಪ್ರತಿ ಹಳೆಯ ಕೆಲಸ ಮಾಡಿಕೊಂಡಿತ್ತು, ಇನ್ನೊಂದು ಬದಲಾಗುತ್ತಾ ಹೋಗಿ ವಿಷ ತಯಾರಿಸತೊಡಗಿತು. ಆ ಬದಲಾವಣೆ ಇನ್ನೂ ನಿಂತಿಲ್ಲ. ಹಾಗಾಗಿ ಒಂದು ಸೀಮೆಯ ಕೊಳಕುಮಂಡಲದ ವಿಷ ಇನ್ನೊಂದು ಸೀಮೆಯದರಂತೆಯೇ ಇರುತ್ತದೆ ಎನ್ನಲಾಗದು. ಮದ್ದು ಮಾಡಿದ್ದು ಬೇರೆಲ್ಲೋ ಹಿಡಿದ ಹಾವುಗಳ ವಿಷದಿಂದ. ನಮ್ಮ ಕಡೆಯದಕ್ಕೆ ಅದು ಎಷ್ಟು ನಾಟೀತು? ಓದಿದ್ದೆಲ್ಲ ಒಂದಕ್ಕೊಂದು ಸಿಕ್ಕಿಕೊಂಡಿತು.

“ಗೊತ್ತಿಲ್ಲಮ್ಮ,” ಎಂದು ಹೊರಗೆ ಬಂದೆ.

ಚೀಲ ಬೈಕ್ ನಿಲ್ಲಿಸುವ ಜಾಗದಲ್ಲಿ ಬಿದ್ದಿತ್ತು. ಬ್ಯಾಗಿನಲ್ಲಿದ್ದ ಕತ್ತರಿಯಿಂದ ಬಾಲದ ತುದಿ ಕತ್ತರಿಸಿ ಡಬ್ಬಿಗೆ ಹಾಕಿದೆ. ಆ ತುಂಡಿನಿಂದ ವಿಷದ ಜೀನು ಓದಲು ವಾರಗಟ್ಟಲೆ ಬೇಕು, ಅಪ್ಪನಿಗೆ ಇದ್ದದ್ದು ಆರು ಗಂಟೆ. ಅಷ್ಟೂ ತಲೆಗೆ ಹೊಳೆಯಲಿಲ್ಲ. ಉತ್ತರ ಹುಡುಕಿದೆನೋ, ಒಳಗೆ ಕೂರಲು ಹೆದರಿದೆನೋ, ತಿಳಿಯದು. ಮಧ್ಯಾಹ್ನದವರೆಗೂ ಡಬ್ಬಿ ಹಿಡಿದು ಹೊರಗೇ ಅಲೆದೆ.

ಮಧ್ಯಾಹ್ನ ತೆಗೆದ ರಕ್ತ ಹೆಪ್ಪುಗಟ್ಟಿತು, ಮದ್ದು ನಾಟಿತ್ತು. ಅಳು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನ ಬಳಿ ಚಿಕ್ಕಪ್ಪನನ್ನು ಕೂರಿಸಿ, ನಾನೂ ಅಮ್ಮನೂ ಚೀಲದೊಡನೆ ಜನ್ನಾಪುರದ ಮನೆಗೆ ಬಂದೆವು. ನಮ್ಮವರ ಕೈಯಲ್ಲಿ ಯಾವ ಹಾವು ಸತ್ತರೂ ಹಾಲು ತುಪ್ಪ ಹಾಕಿ ಸುಡುವುದು ನಮ್ಮ ಮನೆಯ ಪದ್ಧತಿ. ಮೈ ಪೂರ್ತಿ ಇರಬೇಕು. ಅಮ್ಮ ಚೀಲ ಬಿಚ್ಚಿದಳು.

“ಬಾಲ ಎಲ್ಲಿ ಮಾರಾಯ್ತಿ?”

ಡಬ್ಬಿ ತೋರಿಸಿ, ಬೈಗುಳಕ್ಕೆ ಕಾದು ನಿಂತೆ. ಅವಳು ಒಳಗೆ ಹೋಗಿ ಅಕ್ಕಿಹಿಟ್ಟು ನಾದಿ ತಂದಳು. ಅದನ್ನು ಅಂಗೈಯಲ್ಲಿ ಹೊಸೆದು, ಬಾಲ ಮಾಡಿ, ಕತ್ತರಿಸಿದ ಕಡೆ ಜೋಡಿಸಿದಳು.

“ಡಬ್ಬೀಲಿರೋದನ್ನ ಇಟ್ಕೊಂಡು ಓದು,” ಎಂದಳು, ನನ್ನತ್ತ ನೋಡದೆ. “ಆದ್ರೆ ನಿನ್ನೆ ನಿಮ್ಮಪ್ಪ, ಮಗಳೆಲ್ಲಿ ಮಗಳೆಲ್ಲಿ ಅಂತ ಕೇಳ್ತಾನೇ ಇದ್ರು.”