ಸೆನೋನ್ ಡೋಲು ಆರಿಸಿದ್ದು

ಲಾ ಪಾಲ್ಮಿಟಾ ಊರಿನಲ್ಲಿ ಸತ್ತವರು ಸತ್ತ ದಿನವೇ ಹೊರಟುಹೋಗುವುದಿಲ್ಲ. ಒಂಬತ್ತು ದಿನದ ಪ್ರಾರ್ಥನೆ ಆಗಬೇಕು, ವರ್ಷ ತುಂಬಿದಾಗ ಊಟ ಹಾಕಬೇಕು, ಮೂರು ವರ್ಷಕ್ಕೆ ಬಾಂಕೋ ಮಾಡಬೇಕು. ಬಾಂಕೋ ದಿನ ಸತ್ತವರ ಹೆಸರಿನಲ್ಲಿ ಬೊಂಬೆ ಮಾಡಿ ಕೂರಿಸುತ್ತಾರೆ. ಪವಿತ್ರಾತ್ಮನ ಹೆಸರಿನ ಬಳಗದವರು ಡೋಲು ಹೊಡೆಯುತ್ತಾರೆ. ಸತ್ತವರು ನೆಂಟರಲ್ಲಿ ಯಾರದಾದರೂ ಮೈಮೇಲೆ ಬಂದು ಕುಣಿದು, ಹೇಳುವುದನ್ನು ಹೇಳಿ, ದೊಡ್ಡ ಡೋಲು ನಿಂತ ಕೂಡಲೇ ಹೊರಡುತ್ತಾರೆ. ಅಲ್ಲಿಯವರೆಗೂ ಅವರದು ಹೊಸ್ತಿಲ ಮೇಲಿನ ಬಾಳು.

ಆ ದೊಡ್ಡ ಡೋಲು ಸೆನೋನ್‌ನ ಕೈಯದು. ಅವನು ಹೆಸರಾಗಿದ್ದು ಬಾರಿಸುವುದಕ್ಕಿಂತ ಹೆಚ್ಚಾಗಿ ನಿಲ್ಲಿಸುವುದಕ್ಕೆ. ಮನೆಯವರು ಅಳುತ್ತ ‘ಇನ್ನೊಂಚೂರು ಬಾರಿಸಪ್ಪ, ಇನ್ನೊಂದು ಗಳಿಗೆ ಇರಲಿ’ ಎಂದು ಕಾಲು ಹಿಡಿದರೂ ಬಗ್ಗುತ್ತಿರಲಿಲ್ಲ. ‘ಅವರಿಗೆ ದಾರಿ ದೂರ ಇದೆ’ ಎಂದು ಎರಡೂ ಕೈ ಎತ್ತಿ, ಡೋಲಿನ ಹಿಂಬದಿಯ ಚರ್ಮಕ್ಕೆ ಅಂಗೈ ಒತ್ತಿ ಉಳಿದ ಸದ್ದನ್ನೂ ಅಡಗಿಸಿಬಿಡುತ್ತಿದ್ದ. ಕಲ್ಲೆದೆಯವನು ಎಂದು ಬೈದವರೇ ಮುಂದಿನ ಸಾವಿಗೂ ಅವನನ್ನೇ ಕರೆಯುತ್ತಿದ್ದರು.

ಅವನ ಹೆಂಡತಿ ಉಬಾಲ್ದಾ ಹೆದ್ದಾರಿ ಪಕ್ಕದಲ್ಲಿ ಹಂದಿಯ ಚರ್ಮ ಹುರಿದು ಮಾರುತ್ತಿದ್ದಳು. ಅವಳ ಬಾಣಲೆಯ ಎಣ್ಣೆಗಿಂತ ನಾಲಿಗೆಯೇ ಬಿಸಿ. ‘ನಾನು ಚರ್ಮ ಹುರೀತೀನಿ, ನೀನು ಚರ್ಮ ಬಡೀತೀಯ. ಹೊಟ್ಟೆ ತುಂಬಿಸೋದು ಮಾತ್ರ ನಂದು’ ಎಂದು ಹತ್ತು ಜನರೆದುರು ಅನ್ನುತ್ತಿದ್ದಳು. ಸೆನೋನ್ ಹಲ್ಲು ಬಿಡುತ್ತಿದ್ದ. ಅವಳು ಸಾಕಿದ್ದ ಬಿಳಿ ಆಡು ಪಾಲೋಮಾ ಶುದ್ಧ ಗೊಡ್ಡು. ಮರಿ ಇಲ್ಲ, ಹಾಲಿಲ್ಲ, ತಿನ್ನುವುದಕ್ಕೆ ಮಾತ್ರ ಎಲ್ಲರಿಗಿಂತ ಮುಂದೆ. ಕೊಯ್ದು ಸಾರು ಮಾಡು ಎಂದವರಿಗೆ ಉಬಾಲ್ದಾ, ‘ನಿಮ್ಮತ್ತೇನೂ ಹಾಲು ಕೊಡಲ್ಲ, ಮೊದಲು ಅವಳನ್ನ ಕೊಯ್ದು ಬನ್ನಿ’ ಎನ್ನುತ್ತಿದ್ದಳು.

ಅಂಥವಳು ಮೂರು ದಿನದ ಜ್ವರಕ್ಕೆ ಹೋದಳು. ಒಂಬತ್ತನೆಯ ದಿನ ಸೆನೋನ್ ಹೇಗೆ ಬಾರಿಸಿದನೆಂದರೆ, ಡೋಲಿನ ಮರ ಈ ತುದಿಯಿಂದ ಆ ತುದಿಗೆ ಸೀಳಿತು. ಒಡೆದ ಡೋಲಿನಲ್ಲಿ ಯಾರನ್ನೂ ಕಳಿಸುವ ಹಾಗಿಲ್ಲ. ಬೇರೆಯವರ ಡೋಲು ತರುವ ಹಾಗೂ ಇಲ್ಲ. ದೊಡ್ಡ ಡೋಲು ಬಾರಿಸುವವನು ತನ್ನದನ್ನು ತಾನೇ ಆರಿಸಿಕೊಳ್ಳಬೇಕು. ಮೂರು ವರ್ಷ ಕಳೆದು ನಾಲ್ಕನೆಯದು ನಡೆಯುತ್ತಿದ್ದರೂ ಅವನು ಆರಿಸುತ್ತಲೇ ಇದ್ದ.

ಡೋಲು ಮಾಡುವ ಬ್ರೌಲಿಯೋ ಅವನ ಬಾಲ್ಯದ ಗೆಳೆಯ. ಮಾವಿನ ಮರದಡಿ ಬೆಣ್ಣೆಹಣ್ಣಿನ ಮರದ ದಿಮ್ಮಿ ಕೊರೆದು, ಮುಂದಕ್ಕೆ ಹೋತದ ಚರ್ಮ, ಹಿಂದಕ್ಕೆ ಮರಿ ಹಾಕದ ಹೆಣ್ಣಾಡಿನ ಚರ್ಮ ಬಿಗಿಯುತ್ತಿದ್ದ. ಬಾರಿಸುವುದು ಮುಂದಿನದನ್ನೇ, ಹಿಂದಿನದು ಮುಟ್ಟಿಸಿಕೊಳ್ಳದೆ ಒಳಗಿನಿಂದ ಉತ್ತರ ಕೊಡಬೇಕು. ಸೆನೋನ್ ಬರುತ್ತಿದ್ದ, ತೊಡೆಯ ಮೇಲಿಟ್ಟು ಬಡಿಯುತ್ತಿದ್ದ, ಕಿವಿಗೊಡುತ್ತಿದ್ದ, ಇಲ್ಲವೆಂದು ತಲೆಯಾಡಿಸುತ್ತಿದ್ದ.

‘ಹಿಂದಿನದು ಮಾತಾಡ್ತಿಲ್ಲ ಕಣೋ.’

‘ಹೋದ ತಿಂಗಳದು?’

‘ಅದು ಗೊಣಗುತ್ತೆ.’

‘ಅದಕ್ಕೂ ಮೊದಲು ಮಾಡಿದ್ದು?’

‘ಹೇಳಿದ್ದನ್ನೇ ಹೇಳುತ್ತೆ.’

ಬ್ರೌಲಿಯೋ ಉಳಿ ಕೆಳಗಿಟ್ಟ. ‘ಡೋಲು ನೋಡೋಕೆ ಬಂದಿದ್ದೀಯೋ ಹೆಣ್ಣು ನೋಡೋಕೋ? ನೀನು ಬೇಡ ಅಂದ ಡೋಲುಗಳನ್ನ ಮೂರು ಊರಿನವರು ಮುತ್ತಿಟ್ಟು ಹೊತ್ಕೊಂಡು ಹೋದರು. ನಂಗೇನು ಗೊತ್ತಾಗಲ್ವ? ಡೋಲು ಸಿಕ್ಕಿದರೆ ಬಾಂಕೋ ಮಾಡಬೇಕು. ಬಾಂಕೋ ಮಾಡಿದರೆ ಅವಳು ಹೋಗ್ತಾಳೆ. ಅದಕ್ಕೇ ನಿನಗೆ ಯಾವ ಡೋಲೂ ಬೇಡ.’

ಸೆನೋನ್ ಟೋಪಿ ಹಾಕಿಕೊಂಡು ಎದ್ದುಹೋದ. ಸಿಟ್ಟು ಬಂದಿದ್ದು ಮಾತು ಸುಳ್ಳಾಗಿದ್ದಕ್ಕಲ್ಲ.

ಮನೆಯಲ್ಲಿ ಮಗಳು ದಾಮಿಯಾನಾ ಮರಗೆಣಸು ಸುಲಿಯುತ್ತಿದ್ದಳು. ಅಪ್ಪನ ಮುಖ ನೋಡಿಯೇ ಅವಳಿಗೆ ತಿಳಿಯಿತು.

‘ಇವತ್ತೂ ಸಿಗಲಿಲ್ವಾ?’

‘ಇಲ್ಲ.’

‘ಅಮ್ಮ ಮತ್ತೆ ಕನಸಲ್ಲಿ ಬಂದಿದ್ದಳಪ್ಪ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದಾಳೆ. ಒಳಗೆ ಬಾ ಅಂದರೆ ಬರಲ್ಲ. ಹೋಗು ಅನ್ನೋಕೆ ನನಗೆ ಹಕ್ಕಿಲ್ಲ.’ ಚಾಕು ಬದಿಗಿಟ್ಟು ಕಣ್ಣೊರೆಸಿಕೊಂಡಳು. ‘ಊರಲ್ಲಿ ಎಲ್ಲರ ಸತ್ತವರನ್ನೂ ದಾರಿಗೆ ಹಚ್ಚಿದೆ. ನಮ್ಮ ಅಮ್ಮ ಏನು ತಪ್ಪು ಮಾಡಿದ್ದಳು?’

ಸೆನೋನ್ ಹಿತ್ತಲಿಗೆ ಹೋಗಿ ಸೀಬೆ ಮರದ ಕೆಳಗೆ ಕೂತ. ಅಲ್ಲಿ ಕಟ್ಟಿದ್ದ ಪಾಲೋಮಾ ಅವನ ಅಂಗಿಯ ತುದಿ ಅಗಿಯತೊಡಗಿತು. ಉಬಾಲ್ದಾ ಬಿಟ್ಟುಹೋದ ಜೀವವೆಂದರೆ ಮಗಳ ನಂತರ ಇದೊಂದೇ. ಅದರ ಬೆನ್ನ ಮೇಲೆ ಕೈಯಿಟ್ಟ. ಕೈ ಆಗಲೇ ಚರ್ಮದ ದಪ್ಪ ನೋಡುತ್ತಿತ್ತು.

ಮರುದಿನ ಆಡನ್ನು ತಾನೇ ಹಿಡಿದುಕೊಂಡು ಹೋದ. ದಾರಿಯಲ್ಲಿ ಅದು ಕಂಡ ಬೇಲಿಯ ಸೊಪ್ಪಿಗೆಲ್ಲ ಬಾಯಿ ಹಾಕಿತು. ಅವನು ಎಲ್ಲೂ ಹಗ್ಗ ಜಗ್ಗಲಿಲ್ಲ. ಬ್ರೌಲಿಯೋನ ಮುಂದೆ ನಿಂತು, ‘ಹಿಂದಿನ ಚರ್ಮಕ್ಕೆ ಇದು’ ಎಂದ. ಬ್ರೌಲಿಯೋ ಅಂಗೈಯ ಮರದ ಪುಡಿ ಒರೆಸಿಕೊಂಡು ಹಗ್ಗ ತೆಗೆದುಕೊಂಡ.

ಮಳೆಗಾಲಕ್ಕೆ ಮೊದಲಿನ ಒಂದು ಶನಿವಾರ ಮಧ್ಯಾಹ್ನ ಬಾಂಕೋ ಆಯಿತು. ಬೊಂಬೆಗೆ ಉಬಾಲ್ದಾಳದೇ ತಲೆವಸ್ತ್ರ ಕಟ್ಟಿದ್ದರು. ಶುಂಠಿ ಕಷಾಯ ಒಂದು ಸುತ್ತು ಬಂದ ಮೇಲೆ ಸೆನೋನ್ ಹೊಸ ಡೋಲನ್ನು ತೊಡೆಗೇರಿಸಿದ. ಮೊದಲ ಹೊಡೆತಕ್ಕೇ ಹಿಂದಿನ ಚರ್ಮ ಉತ್ತರ ಕೊಟ್ಟಿತು. ತಡವಿಲ್ಲ, ಗೊಣಗಾಟವಿಲ್ಲ, ಎದುರುತ್ತರವೇ. ಅವನು ತುಟಿ ಕಚ್ಚಿಕೊಂಡು ಬಾರಿಸಿದ.

ಬಹಳ ಹೊತ್ತಾಗಲಿಲ್ಲ. ಉಬಾಲ್ದಾಳ ತಂಗಿಯ ಮಗಳು ನಡುಗಿ ಎದ್ದಳು. ಸೊಂಟದ ಮೇಲೆ ಕೈಯಿಟ್ಟು, ಹಿಮ್ಮಡಿಯೂರಿ, ಬಾಣಲೆ ಮುಂದೆ ಉಬಾಲ್ದಾ ನಿಲ್ಲುತ್ತಿದ್ದ ಹಾಗೆಯೇ ನಿಂತಳು. ಜನ ದಾರಿ ಬಿಟ್ಟರು. ಅವಳು ಕುಣಿದಳು. ದಾಮಿಯಾನಾಳ ಕೆನ್ನೆ ಸವರಿ, ‘ಬಾಣಲೆ ನಿಂಗೆ. ತುಕ್ಕು ಹಿಡಿಸಬೇಡ’ ಎಂದಳು. ಆಮೇಲೆ ಸೆನೋನ್‌ನ ಮುಂದೆ ಬಂದು ನಿಂತಳು.

‘ಎಷ್ಟು ದಿನ ನಿಲ್ಲಿಸಿದೆಯೋ ಮಾರಾಯ. ಕಾಲು ಸೇದ್ತಿದೆ ನಂಗೆ.’

ಸೆನೋನ್ ತಲೆ ಎತ್ತಲಿಲ್ಲ. ಬಾರಿಸುತ್ತಲೇ ಇದ್ದ. ಕಣ್ಣೀರು ಗದ್ದದಿಂದಿಳಿದು ಹೋತದ ಚರ್ಮದ ಮೇಲೆ ಬಿದ್ದು ಅಂಗೈಗೆ ಹತ್ತಿತು. ನಿಲ್ಲಿಸುವ ಹೊತ್ತು ಬಂದಿದೆಯೆಂದು ಎಲ್ಲರಿಗೂ ಗೊತ್ತಿತ್ತು, ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೈಗಳು ಮಾತ್ರ ಕೇಳಲೊಲ್ಲವು.

ಆಗ ದಾಮಿಯಾನಾ ಬಂದು ಅವನ ಮೊಣಕಾಲು ಹಿಡಿದು ಕುಸಿದಳು. ಇಷ್ಟು ದಿನ ಅಮ್ಮನನ್ನು ಕಳಿಸು, ಕಳಿಸು ಎಂದು ಜೀವ ತಿಂದವಳು.

‘ಅಪ್ಪ, ಇನ್ನೊಂಚೂರು. ಇನ್ನೊಂದು ಗಳಿಗೆ ಇರಲಿ.’

ಈ ಮಾತನ್ನು ಅವನು ಎಷ್ಟು ಮನೆಗಳಲ್ಲಿ ಕೇಳಿದ್ದ. ಮಗಳ ತಲೆ ನೋಡಿದ, ಎದುರಿಗೆ ಕಾಲು ಬದಲಿಸುತ್ತ ನಿಂತವಳನ್ನು ನೋಡಿದ.

‘ಅವಳಿಗೆ ದಾರಿ ದೂರ ಇದೆ ಮಗಳೇ’ ಎಂದ. ಎರಡೂ ಕೈ ಎತ್ತಿದ.

ಮೈದುಂಬಿ ನಿಂತಿದ್ದ ಹುಡುಗಿ ಹೆಂಗಸರ ತೋಳಿಗೆ ಒರಗಿದಳು. ಹಿಂದಿನ ಚರ್ಮ ಇನ್ನೂ ಗುಂಯ್ ಎನ್ನುತ್ತಿತ್ತು. ರೂಢಿಯಂತೆ ಸೆನೋನ್‌ನ ಅಂಗೈ ಅತ್ತ ಹೋಯಿತು, ಆದರೆ ಒತ್ತಲಿಲ್ಲ. ಅದು ತಾನಾಗಿ ನಿಲ್ಲುವವರೆಗೂ ಕಾದ.